ಕೈ ನಡುಗಿದರೆ, ಕಾಲು ತಡವರಿಸಿದರೆ

ವುಝೂ ಮಾಡುವಾಗ ಚೆಂಬಿನ ನೀರು ಚೆಲ್ಲುತ್ತದೆ. ಚಹಾದ ಕಪ್ಪು ಸಾಸರಿಗೆ ತಾಗಿ ಗಲಗಲ ಎನ್ನುತ್ತದೆ. ವರ್ಷಗಳು ಕಳೆದಂತೆ ನಡಿಗೆಯೇ ತೂರಾಡುತ್ತದೆ. ಜೀವನದಲ್ಲಿ ಮದ್ಯ ಮುಟ್ಟದವರ ಮೇಲೂ ಕುಡುಕನೆಂಬ ಅಪವಾದ ಬರುವುದು ಆಗಲೇ. ಮನೆಯವರು ನೆರಳು ತಾಗಿದೆಯೆಂದು ತಾವೀಝ್ ಹುಡುಕುತ್ತಾರೆ. ತೊಂದರೆ ಇರುವುದು ಹೆಚ್ಚಾಗಿ ಕಿರುಮೆದುಳಿನಲ್ಲಿ.

ತಲೆಯ ಹಿಂಭಾಗದ ಈ ಪುಟ್ಟ ಅಂಗದಲ್ಲೇ ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳಿವೆ. ಕೈಕಾಲಿನ ಚಲನೆಗೆ ಅಳತೆ ಕೊಡುವುದು ಅದರ ಕೆಲಸ. ಕೋಶದೊಳಗೆ ಕೆಲವು ಕಿಣ್ವಗಳು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತವೆ, ಕೆಲವು ಕಳಚುತ್ತವೆ. ದೀಪ ಹಚ್ಚಿ ಆರಿಸಿದಂತೆ ಸಂದೇಶ ಸಾಗುವುದು ಹೀಗೆ. ಕಳಚುವ ಕಿಣ್ವಗಳಲ್ಲಿ ಮುಖ್ಯವಾದದ್ದು ಪಿಪಿ2ಎ. ಅದು ಎಲ್ಲಿ ಕೆಲಸ ಮಾಡಬೇಕೆಂದು ನಿರ್ದೇಶಿಸುವ ಪ್ರೋಟೀನೊಂದು ನರಕೋಶಗಳಲ್ಲಿದೆ. ಆ ಪ್ರೋಟೀನಿನ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಸಾಮಾನ್ಯವಾಗಿ 32 ಸಲಕ್ಕಿಂತ ಹೆಚ್ಚು ಮರುಕಳಿಸುವುದಿಲ್ಲ. ಹೆಚ್ಚಿನ ಎಸ್‌ಸಿಎ12 ರೋಗಿಗಳಲ್ಲಿ ಅದು 50 ದಾಟಿರುತ್ತದೆ. 1999ರಲ್ಲಿ ಗುರುತಿಸಿದ ಈ ಕಾಯಿಲೆ ಬೇರೆಡೆ ಬಹಳ ಅಪರೂಪ, ಭಾರತದಲ್ಲಿ ಅಷ್ಟಿಲ್ಲ, ಅದರಲ್ಲೂ ಉತ್ತರದ ಅಗರ್ವಾಲ್ ಕುಟುಂಬಗಳಲ್ಲಿ ಕಾಣುತ್ತದೆ. ಹೆಚ್ಚಾಗಿ ನಲವತ್ತರ ಆಸುಪಾಸಿನಲ್ಲಿ ಕೈನಡುಕದಿಂದ ಶುರು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಂಭವ ಅರ್ಧ.

ಮಕ್ಕಳಲ್ಲೇ ಶುರುವಾಗುವ ಫ್ರೀಡ್ರಿಕ್ ಕಾಯಿಲೆಯಂಥವು ಬೇರೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಅದೇ ದೋಷದ ಜೀನ್ ಅಡಗಿದ್ದರೆ ಬರುತ್ತವೆ. ಸೋದರ ಸಂಬಂಧದಲ್ಲಿ ಈ ಅಪಾಯ ಹೆಚ್ಚು. ಅಂಥ ನಿಕಾಹ್ ಹಲಾಲ್, ಅದರಲ್ಲಿ ತಕರಾರಿಲ್ಲ. ಆದರೆ ಮನೆತನದಲ್ಲಿ ತೂರಾಡುವ ಮಗುವಿದ್ದರೆ, ಮತ್ತೊಂದು ಸಂಬಂಧ ಕುದುರಿಸುವ ಮೊದಲು ವೈದ್ಯರನ್ನು ಕೇಳಿ.

ನಮ್ಮ ತಿಬ್ಬಿನಲ್ಲಿ ನಡುಕಕ್ಕೆ ರಅಶಾ ಎನ್ನುತ್ತಾರೆ, ಮಾಜೂನುಗಳೂ ಇವೆ. ಜೀನಿನ ದೋಷ ತಿದ್ದುವ ಮಾಜೂನ್ ನನ್ನ ಕಪಾಟಿನಲ್ಲಿಲ್ಲ. ಯಾರೋ ಕೊಟ್ಟ ಪಾದರಸದ ಕುಷ್ತಾ ಅಂತೂ ಬೇಡವೇ ಬೇಡ, ಪಾದರಸವೇ ಕಿರುಮೆದುಳನ್ನು ಕೆಡಿಸಬಲ್ಲದು.

ಎಲ್ಲ ತೂರಾಟವೂ ವಂಶದ್ದಲ್ಲ. ಬಿ12 ಅಥವಾ ಇ ಜೀವಸತ್ವದ ಕೊರತೆ, ಥೈರಾಯ್ಡ್, ಮೂರ್ಛೆರೋಗದ ಫೆನಿಟಾಯಿನ್ ಹೆಚ್ಚಾಗುವುದು, ಇವೂ ಕಾರಣವಿರಬಹುದು, ಬೇಗ ಹಿಡಿದರೆ ಚಿಕಿತ್ಸೆಯಿದೆ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ತೂರಾಟ ಇದ್ದಕ್ಕಿದ್ದಂತೆ ತಲೆನೋವು, ವಾಂತಿಯೊಡನೆ ಬಂದರೆ ಅದು ಪಾರ್ಶ್ವವಾಯು ಆಗಿರಬಹುದು, ತಕ್ಷಣ ಆಸ್ಪತ್ರೆಗೆ ಹೊರಡಿ.

ಭಾಲ್ಕಿ, ಔರಾದ್ ಕಡೆಯವರು ಮೊದಲು ಬೀದರ್‌ನ ಬ್ರಿಮ್ಸ್‌ನಲ್ಲಿ ತೋರಿಸಿ. ಅಗತ್ಯವಿದ್ದರೆ ಹೈದರಾಬಾದಿನ ನಿಮ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್. ಜೀನ್ ಪರೀಕ್ಷೆಗೆ ರಕ್ತ ಸಾಕು. ಹೋಗುವಾಗ ಮೂರು ತಲೆಮಾರಿನಲ್ಲಿ ಯಾರಿಗೆ ನಡುಕ, ತೂರಾಟ ಇತ್ತು, ಯಾವ ವಯಸ್ಸಿನಲ್ಲಿ ಎಂದು ಬರೆದುಕೊಂಡು ಹೋಗಿ.

ಮನೆಯಲ್ಲಿ ಬಚ್ಚಲಿಗೊಂದು ಹಿಡಿಕೆ ಹಾಕಿಸಿ. ನಿಲ್ಲಲಾಗದವರು ಕುಳಿತೇ ನಮಾಝ್ ಮಾಡಲಿ. ಚಹಾ ಅರ್ಧ ಕಪ್ಪಷ್ಟೇ ತುಂಬಿಸಿ ಕೊಡಿ.