ಲಕ್ಷದ್ವೀಪಕ್ಕೆ ಹೊರಟ ಮಕ್ಕಳಿಗೆ ಕಿವಿಮಾತು

ಮಕ್ಕಳೇ, ಲಕ್ಷದ್ವೀಪಕ್ಕೆ ಹೋಗುತ್ತೇವೆಂದು ಸಡಗರದಲ್ಲಿದ್ದೀರಿ. ಹೋಗಿ ಬನ್ನಿ, ನೋಡಲೇಬೇಕಾದ ಜಾಗ. ಆದರೆ ಟಿಕೆಟ್ ಮಾಡಿಸುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಅಲ್ಲಿಯ ಎಲ್ಲ ದ್ವೀಪಗಳನ್ನು ಕೂಡಿಸಿದರೂ ನೆಲ ಸಿಗುವುದು 32 ಚದರ ಕಿಲೋಮೀಟರು. ಜನ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ 64 ಸಾವಿರ ಚಿಲ್ಲರೆ ಮಂದಿ. ಮನೆ, ಬಾವಿ, ಪಾಯಿಖಾನೆಯ ಗುಂಡಿ, ತೆಂಗಿನ ತೋಟ, ಶಾಲೆ, ಮಸೀದಿ, ಕಬರಸ್ತಾನ ಎಲ್ಲವೂ ಅಷ್ಟರೊಳಗೇ. ನಮ್ಮ ಊರುಗಳಲ್ಲಿ ಕಸವನ್ನೂ ಕೊಳಚೆಯನ್ನೂ ಊರಾಚೆ ಸಾಗಿಸಿ ಮರೆತುಬಿಡುತ್ತೇವೆ. ಅಲ್ಲಿ ಊರಾಚೆ ಎಂಬುದೇ ಇಲ್ಲ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

• ಹೋಗುವುದಾದರೆ ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಮಳೆಗಾಲದ ಕಡಲು ದ್ವೀಪದವರಿಗೇ ಕಷ್ಟ ಕೊಡುತ್ತದೆ. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಮಂಗಳೂರಿನ ಹಳೆ ಬಂದರಿನಿಂದ ಹೊರಡುವ ಮಂಜಿ ಎಂಬ ಸರಕು ದೋಣಿಗಳು ಆಗ ದಕ್ಕೆ ಬಿಟ್ಟು ಕದಲುವುದಿಲ್ಲ. ತೆಂಗು, ಮೀನು, ಜೀಗುಜ್ಜೆ, ಒಂದಿಷ್ಟು ಬಾಳೆ, ನುಗ್ಗೆ ಬಿಟ್ಟರೆ ಆ ಮರಳು ನೆಲದಲ್ಲಿ ಹೆಚ್ಚೇನೂ ಬೆಳೆಯುವುದಿಲ್ಲ. ನಿಮ್ಮ ತಟ್ಟೆಗೆ ಬೀಳುವ ಟೊಮೆಟೊ ಕಡಲು ದಾಟಿ ಬಂದದ್ದು ಎಂದು ತಿಳಿದು, ಬಡಿಸಿಕೊಂಡಷ್ಟನ್ನೂ ಉಣ್ಣಿ.

• ಕೊಚ್ಚಿಯಿಂದ ಹಡಗಿದೆ, ಬೆಂಗಳೂರಿನಿಂದ ಅಗತ್ತಿ ದ್ವೀಪಕ್ಕೆ 2024ರಲ್ಲಿ ವಿಮಾನವೂ ಶುರುವಾಯಿತು. ನನ್ನನ್ನು ಕೇಳಿದರೆ ಹಡಗೇ ಮೇಲು: ಒಂದು ರಾತ್ರಿ ಕಡಲ ಮೇಲೆ ಕಳೆದಾಗಲೇ ಆ ನೆಲ ಎಷ್ಟು ದೂರ, ಎಷ್ಟು ಒಂಟಿ ಎಂದು ಮನಸ್ಸಿಗೆ ನಾಟುವುದು. ಆದರೆ ಅದೇ ಹಡಗಿನಲ್ಲಿ ಆಸ್ಪತ್ರೆಗೆ ಹೊರಟ ಬಸುರಿಯೂ ಕಾಲೇಜಿಗೆ ಮರಳುವ ಹುಡುಗನೂ ಬರಬೇಕು. ಸೀಟು ಹಿಡಿದಿಟ್ಟುಕೊಂಡು ಕೊನೆ ಗಳಿಗೆಯಲ್ಲಿ ರದ್ದು ಮಾಡಬೇಡಿ. ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ. ಅದಕ್ಕೆ ಒಂದು ತಿಂಗಳು ಮೊದಲೇ ಓಡಾಡಿ. ಮೂರು ದಿನದಲ್ಲಿ ಮೂರು ದ್ವೀಪ ಮುಗಿಸುವ ಹಟ ಬೇಡ. ಒಂದೇ ದ್ವೀಪ ಹಿಡಿದು ನಾಲ್ಕೈದು ದಿನ ಇರಿ.

• ಎಲ್ಲಕ್ಕಿಂತ ದೊಡ್ಡದು ನೀರು. ಅಲ್ಲಿ ಹೊಳೆಯಿಲ್ಲ. ಸುರಿದ ಮಳೆ ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೆಳುವಾಗಿ ನಿಂತಿರುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಅದಕ್ಕೇ ಅದು ಮೇಲೆ ನಿಲ್ಲುವುದು. ಪಂಪು ಹಾಕಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ಮಳೆಗಾಲಗಳೇ ಕಳೆಯಬೇಕು. ಪಾಯಿಖಾನೆಯ ಗುಂಡಿಯೂ ಬಾವಿಯೂ ಅದೇ ಮರಳಲ್ಲಿ ಅಕ್ಕಪಕ್ಕ ಇರುವುದರಿಂದ ನೀವು ಸುರಿದ ಶಾಂಪೂ ಯಾರದೋ ಕುಡಿಯುವ ನೀರಿನ ದಾರಿ ಹಿಡಿಯುತ್ತದೆ. 2005ರಲ್ಲಿ ಕವರತ್ತಿ ದ್ವೀಪದಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕ ಬಂತು. ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ಎತ್ತಿದ ತಣ್ಣೀರಿನಿಂದ ಅದನ್ನು ಮತ್ತೆ ನೀರಾಗಿಸುವ ವಿಧಾನ. ದಿನಕ್ಕೆ ಒಂದು ಲಕ್ಷ ಲೀಟರ್. ಆಮೇಲೆ ಬೇರೆ ದ್ವೀಪಗಳಿಗೂ ಬಂತು. ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯವರ ಒಳ್ಳೆಯ ಕೆಲಸ ಅದು. ಆದರೆ ಪಂಪು ತಿರುಗಲು ಕರೆಂಟು ಬೇಕು, ಕರೆಂಟು ಬಹುಪಾಲು ಹಡಗಿನಲ್ಲಿ ಬಂದ ಡೀಸೆಲ್‌ನಿಂದ. ಆದ್ದರಿಂದ ಬಕೆಟ್ ಸ್ನಾನ ಮಾಡಿ, ಶವರ್ ಕೆಳಗೆ ನಿಂತುಬಿಡಬೇಡಿ. ಟವೆಲು ದಿನಾ ತೊಳೆಯಲು ಕೊಡಬೇಡಿ. ಏಸಿ ಇಲ್ಲದ ಕೋಣೆ ಸಿಕ್ಕಿದರೆ ಅದನ್ನೇ ಹಿಡಿಯಿರಿ. ರಾತ್ರಿ ಕಡಲ ಗಾಳಿ ಬೀಸುತ್ತದೆ, ಕಿಟಕಿ ತೆರೆದಿಡಿ.

• ಹವಳ ಕಲ್ಲಲ್ಲ, ಜೀವ. ಸತ್ತಂತೆ ಕಾಣುವ ದಿಬ್ಬದ ಮೇಲೂ ಹೊಸ ಮರಿ ಹವಳ ಕೂತಿರುತ್ತದೆ. ನಿಲ್ಲಬೇಡಿ, ಹಿಡಿಯಬೇಡಿ, ಇಳಿತದ ಹೊತ್ತಲ್ಲಿ ಫೋಟೊಗೆಂದು ಅದರ ಮೇಲೆ ನಡೆದಾಡಬೇಡಿ. ಕಡಲು ಬಿಸಿಯೇರಿ 1998, 2010, 2016ರಲ್ಲಿ ಅಲ್ಲಿಯ ಹವಳ ಬೆಳ್ಳಗಾಗಿ ಸತ್ತಿತು, 2024ರಲ್ಲಿ ಮತ್ತೆ ಬೆಳ್ಳಗಾಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಿಂದ ಲೆಕ್ಕ ಇಟ್ಟಿದ್ದಾರೆ. ಆಗ ದಿಬ್ಬದ ಮೇಲ್ಮೈಯಲ್ಲಿ ನೂರಕ್ಕೆ ಸುಮಾರು 37 ಪಾಲು ಜೀವಂತ ಹವಳ ಇದ್ದಲ್ಲಿ 2022ರ ಹೊತ್ತಿಗೆ ಸುಮಾರು 19 ಉಳಿದಿತ್ತು. ಬಿಸಿಯನ್ನು ತಡೆಯುವುದು ನಿಮ್ಮೊಬ್ಬರ ಕೈಲಿಲ್ಲ. ನಿಮ್ಮ ಕಾಲು ನಿಮ್ಮ ಹತೋಟಿಯಲ್ಲಿದೆ. ಸ್ನಾರ್ಕೆಲ್ ಹೊಸದಾದರೆ ಮೊದಲು ಬರೀ ಮರಳಿರುವ ಕಡೆ ಕಲಿಯಿರಿ, ತೇಲುವ ಜಾಕೆಟ್ ಹಾಕಿಕೊಳ್ಳಿ, ಕಾಲಿನ ಫಿನ್ ಬಡಿದು ಮರಳೆಬ್ಬಿಸಬೇಡಿ. ಮೈಗೆ ಸನ್‌ಸ್ಕ್ರೀನ್ ಬಳಿಯುವ ಬದಲು ಉದ್ದ ತೋಳಿನ ಈಜುಡುಗೆ ತೊಡಿ. ಹಲವು ಕ್ರೀಮುಗಳಲ್ಲಿರುವ ಆಕ್ಸಿಬೆನ್ಜೋನ್ ಎಂಬ ರಾಸಾಯನಿಕ ಮರಿ ಹವಳಕ್ಕೆ ವಿಷ.

• ಊಟದ ಮಾತು. ಇದನ್ನು ಹೆಚ್ಚಿನವರು ಹೇಳುವುದಿಲ್ಲ, ನಾನು ಒತ್ತಿ ಹೇಳುತ್ತೇನೆ. ದ್ವೀಪದಲ್ಲಿ ಚೂರ ತಿನ್ನಿ, ಅಂದರೆ ಟ್ಯೂನಾ. ಹವಳದ ದಿಬ್ಬದ ಒಳಬದಿಯ ಲಗೂನಿನ ತಿಳಿನೀರಲ್ಲಿ ಸಣ್ಣ ಮೀನು ಹಿಡಿದು, ಅದನ್ನು ಜೀವಂತ ಒಯ್ದು ಹೊರಗಡಲಲ್ಲಿ ಎರಚುತ್ತಾರೆ. ಚೂರದ ಹಿಂಡು ಮುಗಿಬಿದ್ದಾಗ ಕೋಲಿನ ಗಾಳದಿಂದ ಒಂದೊಂದನ್ನೇ ಎತ್ತಿ ದೋಣಿಗೆ ಹಾಕುತ್ತಾರೆ. ಬಲೆಗೆ ಬೇಡದ ಜೀವ ಸಿಲುಕುವ ಮಾತಿಲ್ಲ. ಮಿನಿಕಾಯ್ ದ್ವೀಪದವರ ಈ ಹಳೆಯ ವಿದ್ಯೆ ಆಮೇಲೆ ಉಳಿದ ದ್ವೀಪಗಳಿಗೂ ಹಬ್ಬಿತು. ಜನ ಹೊರಗಡಲಿನ ಚೂರ ತಿಂದಿದ್ದರಿಂದಲೇ ಹವಳದ ನಡುವಿನ ಮೀನುಗಳು ಬಹುಕಾಲ ಉಳಿದುಕೊಂಡವು. ಆ ಮೀನು ಉಳಿದದ್ದರಿಂದ, ಬಿಸಿಗೆ ಸತ್ತ ಹವಳ ಮತ್ತೆ ಚಿಗುರಲು ಎಡೆ ಸಿಕ್ಕಿತು. ಕೊಕ್ಕಿನಂಥ ಬಾಯಿಯ ಗಿಳಿಮೀನು ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಪಾಚಿ ಹೋದ ಕಲ್ಲಿನ ಮೇಲೆ ಮಾತ್ರ ಮರಿ ಹವಳ ನೆಲೆ ಹಿಡಿಯುತ್ತದೆ. ಕೆರೆದ ಸುಣ್ಣವನ್ನು ಗಿಳಿಮೀನು ಮರಳಾಗಿ ಹೊರಹಾಕುತ್ತದೆ. ನೀವು ಬರಿಗಾಲಲ್ಲಿ ನಡೆಯುವ ಬಿಳಿ ಮರಳಿನಲ್ಲಿ ಅದರ ಪಾಲು ದೊಡ್ಡದು. ಈಗ ಪ್ರವಾಸಿಗರ ಮೇಜಿಗೆ ದೊಡ್ಡ ಬಣ್ಣದ ಮೀನು ಬೇಕಾಗಿದೆ. ಗಿಳಿಮೀನು, ಮುರು ಮೀನು ಸುಟ್ಟು ಕೊಡುತ್ತೇವೆಂದರೆ ಕೈ ಮುಗಿದು ಬೇಡವೆನ್ನಿ. ಚೂರದ ಪಲ್ಯ, ಕೊಬ್ಬರಿ ಸೇರಿಸಿದ ಮಾಸ್ ಕೇಳಿ ಹಾಕಿಸಿಕೊಳ್ಳಿ. ಚೂರವನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಕಲ್ಲಾಗುವಷ್ಟು ಒಣಗಿಸಿದ ಮಾಸ್ ತಿಂಗಳುಗಟ್ಟಲೆ ಕೆಡುವುದಿಲ್ಲ. ಮನೆಗೂ ಒಂದಿಷ್ಟು ತನ್ನಿ.

• ಚಿಪ್ಪು, ಶಂಖ, ಹವಳದ ತುಂಡು ಎತ್ತಬೇಡಿ, ಕೊಳ್ಳಲೂ ಬೇಡಿ. ಹವಳವೂ ಸಮುದ್ರ ಸೌತೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಹಲವು ಜಾತಿಯ ಚಿಪ್ಪುಗಳೂ ಅಷ್ಟೆ. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ. ನೆನಪಿಗೆ ಏನಾದರೂ ಬೇಕಿದ್ದರೆ ನಾರಿನ ಹಗ್ಗ, ಕೊಬ್ಬರಿ ಎಣ್ಣೆ, ತೆಂಗಿನ ನೀರಾ ಬೆಲ್ಲ ಕೊಳ್ಳಿ. ದುಡ್ಡು ನೇರ ಮನೆಗಳಿಗೆ ಹೋಗುತ್ತದೆ.

• ಆಮೆ ಕಂಡರೆ ದೂರ ಇರಿ. ಮೊಟ್ಟೆಯಿಡಲು ಬಂದ ಆಮೆ ಬೆದರದಂತೆ ರಾತ್ರಿ ದಂಡೆಯಲ್ಲಿ ಟಾರ್ಚು ಬೇಡ, ಮೊಬೈಲ್ ಬೆಳಕೂ ಬೇಡ.

• ಒಯ್ದ ಪ್ಲಾಸ್ಟಿಕ್ಕೆಲ್ಲ ನಿಮ್ಮ ಜೊತೆಯೇ ವಾಪಸು ಬರಲಿ. ಕ್ರೀಮಿನ ಡಬ್ಬಿ, ಬ್ಯಾಟರಿ, ಮಗುವಿನ ಡೈಪರ್, ಪ್ಯಾಡು, ಬಿಸ್ಕತ್ತಿನ ಕಾಗದ ಎಲ್ಲಕ್ಕೂ ಒಂದು ಗಟ್ಟಿ ಚೀಲ ಇಟ್ಟುಕೊಳ್ಳಿ. ಹೊರಡುವ ಮೊದಲೇ ಮನೆಯಲ್ಲಿ ಪೊಟ್ಟಣಗಳನ್ನು ಬಿಚ್ಚಿ ಡಬ್ಬಿಗೆ ತುಂಬಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಸ್ಟೀಲ್ ಬಾಟಲಿ ಮರೆಯಬೇಡಿ.

• ಜನರ ಮನಸ್ಸು ನೋಯಿಸಿ ಪರಿಸರ ಉಳಿಸುತ್ತೇನೆಂದರೆ ಅದಕ್ಕೆ ಅರ್ಥವಿಲ್ಲ. ಅಲ್ಲಿಯವರು ಬಹುತೇಕ ಮುಸ್ಲಿಮರು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ ಅವರದು. ಅಳಿಯಸಂತಾನ ಗೊತ್ತಿರುವ ನಮ್ಮ ಕರಾವಳಿಯವರಿಗೆ ಹೊಸದೇನಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದು ದ್ವೀಪಗಳು 1956ರ ನವೆಂಬರ್ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಅವರು ನಮಗೆ ದೂರದವರಲ್ಲ. ಊರೊಳಗೆ ಮೈತುಂಬ ಬಟ್ಟೆ ತೊಡಿ, ಈಜುಡುಗೆ ನೀರಿನ ಹತ್ತಿರವೇ ಇರಲಿ. ಊರಿರುವ ದ್ವೀಪಗಳಲ್ಲಿ ಮದ್ಯ ನಿಷೇಧ, ಕದ್ದು ಒಯ್ಯಬೇಡಿ. ಹೆಂಗಸರ, ಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಮಿನಿಕಾಯ್ ಬಿಟ್ಟರೆ ಮಿಕ್ಕ ಕಡೆ ಮಲಯಾಳಕ್ಕೆ ಹತ್ತಿರದ ಜೆಸರಿ ಮಾತು. ನಾಲ್ಕು ಮಾತು ಕಲಿತು ಹೋದರೆ ಬಾಗಿಲು ತಾನಾಗಿ ತೆರೆಯುತ್ತದೆ.

• ಉಳಿಯಲು ದ್ವೀಪದವರ ಮನೆಯ ಕೋಣೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ದೊಡ್ಡ ರೆಸಾರ್ಟುಗಳ ಯೋಜನೆಗಳು ಬರುತ್ತಲೇ ಇವೆ. ಈ ದ್ವೀಪಗಳಲ್ಲಿ ಎಷ್ಟು ಕಟ್ಟಬಹುದೆಂದು ಪರಿಶೀಲಿಸಲು ಸುಪ್ರೀಂ ಕೋರ್ಟ್ ಸಮಿತಿಯನ್ನೇ ನೇಮಿಸಬೇಕಾಯಿತು. ಅದರ ಅಧ್ಯಕ್ಷರಾಗಿದ್ದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ನೆಲ ತಾಳುವಷ್ಟೇ ಜನ ಬರಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

• ಪರವಾನಗಿ ಸಿಗದವರು, ಅಷ್ಟು ಖರ್ಚು ಆಗದವರು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಬನ್ನಿ. ಅಲ್ಲಿಯೂ ಹವಳವಿದೆ, ಹವಳದ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಸಲ್ಲುತ್ತದೆ.

• ಕೊನೆಯದು. ಪ್ರವಾಸ ಏರ್ಪಡಿಸುವವರಿಗೆ ಫೋನು ಮಾಡಿ ದರ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಕೋಣೆಯ ಕೊಳಚೆ ಎಲ್ಲಿಗೆ ಹೋಗುತ್ತದೆ? ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಕೆಲಸಕ್ಕೆ ದ್ವೀಪದವರು ಎಷ್ಟು ಮಂದಿ ಇದ್ದಾರೆ? ಉತ್ತರ ಬಾರದಿದ್ದರೆ ದುಡ್ಡು ಕಟ್ಟಬೇಡಿ, ಬೇರೆಯವರನ್ನು ಹುಡುಕಿ.