‘ವಾಟರ್‌ಷೆಡ್’ ಎಂಬ ಸಮಸ್ತಪದ

ಇಂಗ್ಲಿಷಿನ ಸಮಸ್ತಪದಗಳು ನಮ್ಮಂಥ ಕನ್ನಡ ವಿದ್ಯಾರ್ಥಿಗಳಿಗೆ ಒಡ್ಡುವ ತೊಡಕು ಬಲು ವಿಚಿತ್ರವಾದುದು. ಬಿಡಿಬಿಡಿಯಾಗಿ ಎರಡು ಪದಗಳೂ ಗೊತ್ತು. ಕೂಡಿಸಿದೊಡನೆ ಅರ್ಥ ಕೈತಪ್ಪುತ್ತದೆ. ಅಂಥವುಗಳಲ್ಲಿ ‘ವಾಟರ್‌ಷೆಡ್’ ಒಂದು. ಭೂಗೋಳಶಾಸ್ತ್ರದ ಪಾಠದಲ್ಲಿ ಇದು ಬೆಟ್ಟದ ಮೇಲಣ ಒಂದು ಗೆರೆ. ಗ್ರಾಮೀಣ ಅರ್ಥಶಾಸ್ತ್ರದ ಪಾಠದಲ್ಲಿ ನೂರಾರು ಹೆಕ್ಟೇರುಗಳ ಒಂದು ನೆಲ. ಇತಿಹಾಸದ ಪಾಠಕ್ಕೆ ಬಂದರೆ ಗೆರೆಯೂ ಅಲ್ಲ, ನೆಲವೂ ಅಲ್ಲ, ಒಂದು ಘಟನೆ. ಗೆರೆಯ ಕೆಲಸ ಬೇರ್ಪಡಿಸುವುದು. ಹೊಲ ಹಳ್ಳಗಳನ್ನು ಒಂದೇ ಹೆಸರಿನಡಿ ತರುವುದು ಕೂಡಿಸುವ ಕೆಲಸ. ಒಂದೇ ಪದ ಇವೆರಡನ್ನೂ ಹೇಗೆ ಮಾಡೀತು? ಈ ಪ್ರಶ್ನೆ ಬರಿಯ ಪರೀಕ್ಷೆಗೆ ಸೇರಿದ್ದಲ್ಲ. ಈ ಪದದ ಅರ್ಥವನ್ನು ನೆಚ್ಚಿ ದೇಶಗಳು ತಮ್ಮ ಗಡಿಯನ್ನು ವಾದಿಸಿವೆ. ನಮ್ಮ ಬಯಲುಸೀಮೆಯ ರೈತರ ಹೊಲಗಳಲ್ಲಿ ಬದುಗಳು ಎದ್ದಿರುವುದೂ ಇದೇ ಪದದ ಹೆಸರಿನಲ್ಲಿ.

ಮೊದಲು ವಿಗ್ರಹವಾಕ್ಯವನ್ನು ನೋಡೋಣ. ‘ವಾಟರ್’ ಎಂದರೆ ನೀರು, ಅದರಲ್ಲಿ ವಿವಾದವಿಲ್ಲ. ತೊಂದರೆಯೆಲ್ಲ ‘ಷೆಡ್’ನಲ್ಲಿ. ಬಸ್ ಷೆಡ್, ದನದ ಷೆಡ್ ಎಂದು ದಿನವೂ ಆಡುವ ನಾವು ‘ಷೆಡ್’ ಎಂದೊಡನೆ ತಗಡಿನ ಚಾವಣಿಯನ್ನೇ ನೆನೆಯುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಣೆಯ ಎರಡು ‘ಷೆಡ್’ಗಳಿವೆ. ಕೊಟ್ಟಿಗೆ ಎಂಬ ಅರ್ಥದ ‘ಷೆಡ್’ ನೆರಳನ್ನು ಸೂಚಿಸುವ ‘ಷೇಡ್’ ಎಂಬ ಪದದಿಂದ ಹುಟ್ಟಿದ್ದೆಂದು ನಿಘಂಟುಕಾರರು ಹೇಳುತ್ತಾರೆ. ಇನ್ನೊಂದು ‘ಷೆಡ್’ ಇದಕ್ಕಿಂತ ಹಳೆಯದು, ಅದು ಕ್ರಿಯಾಪದ. ಅದರ ಮೂಲಾರ್ಥ ‘ಬೇರ್ಪಡಿಸು’. ಮರ ಎಲೆಯನ್ನು ಉದುರಿಸುವುದು, ಕಣ್ಣು ನೀರನ್ನು ಸುರಿಸುವುದು, ಹಾವು ಪೊರೆಯನ್ನು ಕಳಚುವುದು, ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಈ ಎರಡನೆಯ ‘ಷೆಡ್’ ಸಲ್ಲುತ್ತದೆ. ತನ್ನಿಂದ ಬೇರೆಮಾಡುವುದು ಎಂಬ ಎಳೆ ಎಲ್ಲದರಲ್ಲಿಯೂ ಇದೆ.

ಆದಕಾರಣ ‘ಕೌಷೆಡ್’ ಎಂಬುದು ದನದ ಕೊಟ್ಟಿಗೆಯಾದರೆ, ‘ಬ್ಲಡ್‌ಷೆಡ್’ ಎಂಬುದು ರಕ್ತದ ಕೊಟ್ಟಿಗೆಯಲ್ಲ, ರಕ್ತಪಾತ. ‘ವಾಟರ್‌ಷೆಡ್’ ಈ ಎರಡನೆಯದರ ನೆಂಟ. ನೀರಿನ ಬೇರ್ಪಾಡು ಎಂಬುದು ಇದರ ವಿಗ್ರಹ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಷಷ್ಠೀ ತತ್ಪುರುಷ. ಜರ್ಮನರ ‘ವಾಸರ್‌ಷೈಡೆ’ ಎಂಬ ಪದದ ಮಾದರಿಯಲ್ಲಿ ಇಂಗ್ಲಿಷರು ಇದನ್ನು ರಚಿಸಿಕೊಂಡರು. 19ನೆಯ ಶತಮಾನದ ಮೊದಲ ವರ್ಷಗಳಿಂದ ಇದು ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಹಳೆಯ ‘ಷೆಡ್’ಗೆ ಇನ್ನೆರಡು ಬಳಕೆಗಳುಂಟು. ಅವನ್ನು ಬಿಟ್ಟುಹೋಗಲು ನನಗೆ ಮನಸ್ಸಿಲ್ಲ. ಮಗ್ಗದಲ್ಲಿ ಹಾಸಿನ ಎಳೆಗಳು ಮೇಲೆ ಕೆಳಗೆ ಬೇರ್ಪಟ್ಟು ಲಾಳಿ ಹಾಯಲು ಆಗುವ ತೆರಪಿಗೆ ಇಂಗ್ಲಿಷ್ ನೇಕಾರರು ‘ಷೆಡ್’ ಎನ್ನುತ್ತಾರೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ತಲೆಯ ಬೈತಲೆಗೂ ‘ಷೆಡ್’ ಎಂಬ ಹೆಸರಿದೆ. ಈ ಬೈತಲೆಯ ಹೋಲಿಕೆ ಸಿಕ್ಕಿತೆಂದರೆ ಪದದ ಗುಟ್ಟೆಲ್ಲ ಸಿಕ್ಕಂತೆ. ಬೈತಲೆಯ ಆಚೆಗೆ ಬಾಚಿದ ಕೂದಲು ಆಚೆಗೆ, ಈಚೆಗೆ ಬಾಚಿದ್ದು ಈಚೆಗೆ. ನಡುವೆ ಕೂದಲಿಲ್ಲದ ಒಂದು ಗೆರೆ. ಮಳೆಯ ನೀರಿಗೆ ನೆಲದ ಮೇಲೆ ಇರುವ ಬೈತಲೆಯೇ ವಾಟರ್‌ಷೆಡ್.

ನಮ್ಮ ನಾಡಿನಲ್ಲಿ ಇದನ್ನು ಕಣ್ಣಾರೆ ನೋಡಬೇಕಾದರೆ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲಕ್ಕೆ ಹೋಗಬೇಕು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಅಲ್ಲಿ ಹುಟ್ಟುತ್ತವೆಂದು ಪ್ರತೀತಿ. ತುಂಗೆ ಭದ್ರೆಯರು ಕೂಡಲಿಯಲ್ಲಿ ಕೂಡಿ, ಮುಂದೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ನೇತ್ರಾವತಿಯು ಘಟ್ಟ ಇಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಮೇಲೆ ಅಕ್ಕಪಕ್ಕದ ಹನಿಗಳು. ಕೆಳಗೆ ಬೇರೆ ಬೇರೆ ಕಡಲು.

ಇತಿಹಾಸಕಾರರು ಈ ಪದವನ್ನು ಎರವಲು ಪಡೆದದ್ದು ಇದೇ ಕಾರಣಕ್ಕಾಗಿ. ಒಂದು ಘಟನೆಯ ಹಿಂದು ಮುಂದುಗಳು ಮತ್ತೆ ಬೆರೆಯಲಾರದಷ್ಟು ಬೇರೆಯಾದರೆ ಅದನ್ನು ‘ವಾಟರ್‌ಷೆಡ್’ ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಇದಕ್ಕೆ ‘ಮೈಲಿಗಲ್ಲು’ ಎಂಬ ಅನುವಾದ ಆಗಾಗ್ಗೆ ಕಾಣುತ್ತದೆ. ಇದು ನನಗೆ ಸಮ್ಮತವಲ್ಲ. ಮೈಲಿಗಲ್ಲು ಇರುವುದು ನಡೆಯುತ್ತಿರುವ ದಾರಿಯಲ್ಲೇ; ಎಷ್ಟು ದೂರ ಬಂದೆವೆಂದು ಅದು ಹೇಳುತ್ತದೆಯೇ ಹೊರತು ದಿಕ್ಕನ್ನು ಬದಲಿಸುವುದಿಲ್ಲ. ಒಂದು ಕಾಲೇಜಿಗೆ ಐವತ್ತು ವರ್ಷ ತುಂಬಿದರೆ ಮೈಲಿಗಲ್ಲು. 1956ರ ನವೆಂಬರ್ 1ರಂದು ಹರಿದು ಹಂಚಿದ್ದ ಕನ್ನಡ ಪ್ರದೇಶಗಳು ಒಂದೇ ಆಡಳಿತಕ್ಕೆ ಬಂದದ್ದು ವಾಟರ್‌ಷೆಡ್. ‘ಕವಲುಗಾಲ’ ಎಂದರೆ ಸರಿಹೋದೀತೆಂದು ನನ್ನ ಸೂಚನೆ; ಬಲ್ಲವರು ಇದಕ್ಕಿಂತ ಚೆನ್ನಾದುದನ್ನು ಕೊಡಲಿ. ಬ್ರಿಟನ್ನಿನ ಟೆಲಿವಿಷನ್ನಿನಲ್ಲಿಯೂ ಒಂದು ‘ವಾಟರ್‌ಷೆಡ್’ ಇದೆ: ರಾತ್ರಿ 9 ಗಂಟೆ. ಮಕ್ಕಳಿಗೆ ಒಗ್ಗದ ಕಾರ್ಯಕ್ರಮಗಳನ್ನು ಅದಕ್ಕೆ ಮುಂಚೆ ತೋರಿಸಕೂಡದು.

ಗಡಿಯ ವಿಷಯ ಇದಕ್ಕಿಂತ ಗಂಭೀರವಾದುದು. ಅತ್ಯಂತ ಎತ್ತರದ ಶಿಖರಗಳ ಸಾಲೂ ನೀರು ಬೇರ್ಪಡುವ ಗೆರೆಯೂ ಒಂದೇ ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ಅದು ಹಾಗಿಲ್ಲ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯನ್ನೇ ತೆಗೆದುಕೊಳ್ಳಿ. ಅದರ ಒಂದು ಮಗ್ಗುಲಿನ ನೀರು ಭದ್ರೆಗೆ, ಇನ್ನೊಂದು ಮಗ್ಗುಲಿನದು ವೇದಾವತಿ, ಯಗಚಿಗಳಿಗೆ ಹರಿದರೂ ಎಲ್ಲವೂ ಕೊನೆಗೆ ಸೇರುವುದು ಪೂರ್ವದ ಕಡಲಿಗೇ. ಎರಡು ಕಡಲುಗಳ ನೀರನ್ನು ಹಂಚುವ ಗೆರೆ ಅದರ ಪಡುವಣಕ್ಕೆ, ಅದಕ್ಕಿಂತ ತಗ್ಗಾದ ಗುಡ್ಡಗಳ ಮೇಲೆ ಹಾದುಹೋಗುತ್ತದೆ.

ದಕ್ಷಿಣ ಅಮೆರಿಕದಲ್ಲಿ ಚಿಲಿ, ಅರ್ಜೆಂಟೀನ ದೇಶಗಳು 1881ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ನೀರನ್ನು ಬೇರ್ಪಡಿಸುವ ಅತ್ಯುನ್ನತ ಶಿಖರಗಳ ಮೇಲೆ ಗಡಿಯು ಹಾಯತಕ್ಕದ್ದೆಂದು ಅದರಲ್ಲಿ ನಿಶ್ಚಯವಾಯಿತು. ಬರೆದವರಿಗೆ ಎರಡೂ ಒಂದೇ ಎಂಬ ನಂಬಿಕೆ. ಅಳೆಯಲು ಹೋದಾಗ ದಕ್ಷಿಣದ ಪ್ಯಾಟಗೋನಿಯದಲ್ಲಿ ಶಿಖರಗಳ ಸಾಲು ಒಂದು ಕಡೆ, ನೀರಿನ ಗೆರೆ ಅದರಿಂದ ಬಹಳ ಮೂಡಲಿಗೆ! ಅರ್ಜೆಂಟೀನವು ಶಿಖರವೆಂದಿತು, ಚಿಲಿಯು ನೀರೆಂದಿತು. ಯುದ್ಧದ ಸಿದ್ಧತೆಯವರೆಗೆ ಹೋದ ಈ ಜಗಳಕ್ಕೆ 1902ರಲ್ಲಿ ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡ್ ಪಂಚಾಯತಿ ಮಾಡಿ, ಎರಡು ವಾದಗಳ ನಡುವೆ ಒಂದು ಗೆರೆಯನ್ನು ಎಳೆಯಬೇಕಾಯಿತು. ಅದಕ್ಕಾಗಿ ಸ್ಥಳಪರೀಕ್ಷೆ ಮಾಡಿದವನು ಭಾರತದ ಗಡಿಗಳನ್ನು ಮೋಜಣಿ ಮಾಡಿ ಪಳಗಿದ್ದ ಥಾಮಸ್ ಹೋಲ್ಡಿಚ್.

ನಮ್ಮ ದೇಶಕ್ಕೂ ಈ ಸಂಕಟ ತಪ್ಪಿಲ್ಲ. ಸಿಕ್ಕಿಂ ಮತ್ತು ಟಿಬೆಟ್ಟುಗಳನ್ನು ಕುರಿತ 1890ರ ಒಪ್ಪಂದವು ತೀಸ್ತಾ ನದಿಯ ನೀರನ್ನು ಟಿಬೆಟ್ಟಿನ ಕಡೆಯ ನೀರಿನಿಂದ ಬೇರ್ಪಡಿಸುವ ಏಣನ್ನು ಗಡಿಯೆಂದು ಹೇಳಿ, ಜೊತೆಗೆ ಗಿಪ್ಮೋಚಿ ಎಂಬ ಒಂದು ಶಿಖರವನ್ನೂ ಹೆಸರಿಸಿತು. 2017ರಲ್ಲಿ ಡೋಕ್ಲಾಮಿನಲ್ಲಿ ಭಾರತ ಚೀನಗಳ ಸೈನಿಕರು ಎರಡು ತಿಂಗಳಿಗೂ ಮಿಕ್ಕಿ ಮುಖಾಮುಖಿ ನಿಂತಾಗ ಚೀನವು ಶಿಖರದ ಹೆಸರನ್ನು ಹಿಡಿದುಕೊಂಡಿತ್ತು. ಭಾರತ, ಭೂತಾನಗಳು ನೀರು ಬೇರ್ಪಡುವ ಗೆರೆಯನ್ನು ಹಿಡಿದುಕೊಂಡಿದ್ದವು.

ಇಷ್ಟಾಯಿತು ಗೆರೆಯ ಕಥೆ. ಇನ್ನು ನೆಲದ ಕಥೆ. ಮೂಲದ ‘ಬೇರ್ಪಾಡು’ ಎಂಬ ಅರ್ಥ ಜನರ ಮನಸ್ಸಿನಿಂದ ಮಸುಕಾಗುತ್ತ ಬಂದಂತೆ, ನೀರನ್ನು ಸುರಿಸುವ ಇಳಿಜಾರಿಗೇ ‘ವಾಟರ್‌ಷೆಡ್’ ಎನ್ನುವುದು ರೂಢಿಯಾಯಿತು. ಇಳಿಜಾರಿನಿಂದ ಮುಂದಕ್ಕೆ ಜಾರಿ, ಒಂದು ಹಳ್ಳಕ್ಕೆ ನೀರೊದಗಿಸುವ ಸಮಸ್ತ ಪ್ರದೇಶವೂ ಆ ಹೆಸರಿನಡಿ ಬಂದಿತು. ಅಮೆರಿಕನ್ನರು ಈ ಅರ್ಥವನ್ನೇ ಗಟ್ಟಿಮಾಡಿಕೊಂಡರು. 1954ರಲ್ಲಿ ಅವರು ಮಾಡಿದ ಪ್ರವಾಹ ನಿವಾರಣೆಯ ಕಾಯಿದೆಯ ಹೆಸರಿನಲ್ಲಿಯೇ ‘ವಾಟರ್‌ಷೆಡ್’ ಇದೆ. ಅಲ್ಲಿ ಅದು ಗೆರೆಯಲ್ಲ, ನೆಲ. ಗೆರೆಗೆ ಅವರು ‘ಡಿವೈಡ್’ ಎಂಬ ಬೇರೆ ಪದವನ್ನು ಇಟ್ಟುಕೊಂಡರು. ಬ್ರಿಟಿಷರು ಗೆರೆಗೆ ‘ವಾಟರ್‌ಷೆಡ್’, ನೆಲಕ್ಕೆ ‘ಕ್ಯಾಚ್‌ಮೆಂಟ್’ ಎನ್ನುತ್ತಾರೆ. ನಮ್ಮ ಭೂಗೋಳದ ಪುಸ್ತಕಗಳು ಬಹುಮಟ್ಟಿಗೆ ಬ್ರಿಟಿಷರ ಜಾಡಿನವು. ಅಭಿವೃದ್ಧಿಯ ಯೋಜನೆಗಳ ಪರಿಭಾಷೆ ಅಮೆರಿಕದ ಕಡೆಯದು. ಎರಡರ ನಡುವೆ ಸಿಕ್ಕಿಕೊಳ್ಳುವವನು ವಿದ್ಯಾರ್ಥಿ.

ಕನ್ನಡವು ಈ ಗೊಂದಲದಿಂದ ಪಾರಾಗಿದೆಯೆಂದು ಹೇಳಲು ನನಗೆ ಸಂತೋಷ. ಗೆರೆಗೆ ನಮ್ಮಲ್ಲಿ ‘ಜಲವಿಭಾಜಕ’, ನೆಲಕ್ಕೆ ‘ಜಲಾನಯನ’. ‘ಆನಯನ’ ಎಂದರೆ ಬಳಿಗೆ ತರುವುದು. ‘ಉಪನಯನ’ದಲ್ಲಿರುವ ‘ನಯನ’ವೇ ಇಲ್ಲಿಯೂ ಇರುವುದು, ಕಣ್ಣಿಗೆ ಇಲ್ಲಿ ಸಂಬಂಧವಿಲ್ಲ. ಇಂಗ್ಲಿಷ್ ಪದ ನೀರನ್ನು ಅಗಲಿಸಿತು. ಕನ್ನಡದ ಪದ ನೀರನ್ನು ಕರೆತಂದಿತು.

ಆದರೆ ಹಳ್ಳಿಯಲ್ಲಿ ನಡೆಯುವುದು ‘ಜಲಾನಯನ’ವಲ್ಲ, ‘ವಾಟರ್‌ಷೆಡ್ಡೇ’. ನಮ್ಮ ತಾಯಿಯ ತವರೂರಿನಲ್ಲಿ ಬದು ಹಾಕಿಸಿ, ಹಳ್ಳಕ್ಕೆ ಅಡ್ಡಲಾಗಿ ಕಲ್ಲಿನ ತಡೆಗಳನ್ನು ಕಟ್ಟಿಸಿ ಹೋದವರನ್ನು ಊರವರು ‘ಷೆಡ್ಡಿನವರು’ ಎಂದೇ ಕರೆಯುತ್ತಾರೆ. “ಅಲ್ಲ ಕಣಪ್ಪಾ, ಷೆಡ್ಡಿನೋರು ಅಂತಾರೆ, ಒಂದು ಷೆಡ್ಡೂ ಕಟ್ಟಲಿಲ್ಲವಲ್ಲ?” ಎಂದು ಅಜ್ಜಿ ನನ್ನನ್ನು ಕೇಳಿದರು. ಬೈತಲೆಯ ಹೋಲಿಕೆಯನ್ನು ಹೇಳಿದೆ. ಅವರಿಗೆ ಅದು ತಟ್ಟನೆ ಹಿಡಿಯಿತು. “ಹಂಗಾದರೆ ದಿಣ್ಣೆ ಹೊಲದೋರ್ದೇ ಮೊದಲನೆ ಪಾಲು ಅನ್ನು” ಎಂದರು.

ಈ ಮಾತಿನಲ್ಲಿ ತಥ್ಯವಿದೆ. ಕೆಲಸವು ದಿಣ್ಣೆಯಿಂದ ಮೊದಲಾಗಿ ಹಳ್ಳದ ಕಡೆಗೆ ಇಳಿಯಬೇಕೆಂಬುದು ಈ ಯೋಜನೆಗಳ ಮೂಲಸೂತ್ರ. ಮೇಲೆ ಓಡುವ ನೀರನ್ನು ನಡೆಸದಿದ್ದರೆ ಕೆಳಗೆ ಕಟ್ಟಿದ್ದು ಹೂಳಿನಿಂದ ತುಂಬುತ್ತದೆ. ಅಂದಮೇಲೆ ನೆಲವನ್ನು ಗುರುತಿಸಲು ಮೊದಲು ಗೆರೆಯನ್ನೇ ಗುರುತಿಸಬೇಕು. ಹಳೆಯ ಅರ್ಥವಿಲ್ಲದೆ ಹೊಸ ಅರ್ಥಕ್ಕೆ ಗತಿಯಿಲ್ಲ. 1994ರ ಕೇಂದ್ರ ಮಾರ್ಗಸೂಚಿಯಲ್ಲಿ ಒಂದು ಜಲಾನಯನಕ್ಕೆ ಸುಮಾರು 500 ಹೆಕ್ಟೇರೆಂದು ಗೊತ್ತುಮಾಡಲಾಗಿತ್ತು. 2008ರ ಮಾರ್ಗಸೂಚಿ ಅದನ್ನು 1,000ದಿಂದ 5,000 ಹೆಕ್ಟೇರುಗಳ ಗುಂಪುಗಳಿಗೆ ಏರಿಸಿತು. ನೀರು ಊರಿನ ಎಲ್ಲೆಯನ್ನಾಗಲಿ ಪಹಣಿಯನ್ನಾಗಲಿ ನೋಡಿ ಹರಿಯುವುದಿಲ್ಲವಷ್ಟೆ. ದಿಣ್ಣೆಯ ಹೊಲ ಸಾಮಾನ್ಯವಾಗಿ ಬಡವನದು. ಬದುವಿಗೆ ಜಾಗ ಬಿಡುವವನು ಅವನು. ಕುರಿ ಆಡು ಮೇಯಿಸುವ ಗುಡ್ಡಕ್ಕೆ ಬೇಲಿ ಬಿದ್ದರೆ ಕಷ್ಟಪಡುವವನೂ ಅವನೇ. ಬಾವಿಯ ನೀರು ಮೇಲೇರುವುದು ಮಾತ್ರ ಕೆಳಗಿನ ತಗ್ಗಿನವನದು.

ಇದಕ್ಕೆ ಒಂದು ಪರಿಹಾರ ಹರಿಯಾಣದ ಸುಖೋಮಜ್ರಿ ಎಂಬ ಹಳ್ಳಿಯಲ್ಲಿ ದೊರೆಯಿತು. ಚಂಡೀಗಢದಲ್ಲಿ 1958ರಲ್ಲಿ ಕಟ್ಟಿದ ಸುಖನಾ ಕೆರೆಯು ಬೇಗಬೇಗನೆ ಹೂಳುತ್ತಿತ್ತು. ಹೂಳಿನ ಜಾಡು ಹಿಡಿದು ಹೋದವರಿಗೆ ಮೇಲಿನ ಗುಡ್ಡಗಳಲ್ಲಿ ಆಡುಗಳು ಮೇಯ್ದು ಬೋಳಾದ ನೆಲ ಕಾಣಿಸಿತು. 1970ರ ದಶಕದಲ್ಲಿ ಅಲ್ಲಿ ಸಣ್ಣ ಮಣ್ಣಿನ ಕಟ್ಟೆಗಳನ್ನು ಹಾಕಿ, ನಿಂತ ನೀರಿನಲ್ಲಿ ಊರಿನ ಪ್ರತಿಯೊಂದು ಮನೆಗೂ ಪಾಲೆಂದು ನಿಶ್ಚಯಿಸಿದರು. ಹೊಲವೇ ಇಲ್ಲದವನಿಗೂ ಪಾಲು ಇತ್ತು, ಬೇಡವಾದರೆ ಅದನ್ನು ಅವನು ಮಾರಿಕೊಳ್ಳಬಹುದಾಗಿತ್ತು. ಗುಡ್ಡದಲ್ಲಿ ಆಡು ಮೇಯಿಸುವುದನ್ನು ಊರವರೇ ನಿಲ್ಲಿಸಿದರು, ಹುಲ್ಲು ಬೆಳೆಯಿತು. ಆ ಕಡೆಯಿಂದ ಸುಖನಾ ಕೆರೆಗೆ ಬರುತ್ತಿದ್ದ ಹೂಳು ಬಹುಮಟ್ಟಿಗೆ ತಗ್ಗಿತು.