ಗೆಳೆಯರ ಗುಡ್ಡಗಾಡು ಓಟ: ಒಂದು ಅಭ್ಯಾಸ

ಓಟವು ಮಾನವನ ಅತಿ ಪ್ರಾಚೀನ ವ್ಯಾಯಾಮಗಳಲ್ಲೊಂದು. ಅದಕ್ಕೆ ಉಪಕರಣಗಳು ಬೇಡ. ಹೆಚ್ಚಿನ ವೆಚ್ಚವೂ ಬೇಡ. ಮೈದಾನದ ಸುತ್ತುಪಥವನ್ನು ಬಿಟ್ಟು ಹೊಲ, ಹಳ್ಳ, ಏರಿ, ಕಾಲುದಾರಿಗಳಲ್ಲಿ ಓಡುವುದಕ್ಕೆ ಶಾಲಾ ಕ್ರೀಡೆಗಳಲ್ಲಿ ‘ಗುಡ್ಡಗಾಡು ಓಟ’ ಎಂಬ ಹೆಸರಿದೆ. ಹೆಸರಿನಲ್ಲಿ ಗುಡ್ಡವಿದ್ದ ಮಾತ್ರಕ್ಕೆ ಊರಿನಲ್ಲಿಯೂ ಗುಡ್ಡವಿರಲೇಬೇಕೆಂದಿಲ್ಲ. ಕೃಷ್ಣೆಯ ಸೀಮೆಯ ಐನಾಪುರದಂಥ ಎರೆನೆಲದ ಊರಿನಲ್ಲಿಯೂ ಇಂಥ ಓಟಕ್ಕೆ ಬೇಕಾದ ದಾರಿಗಳುಂಟು. ಇಪ್ಪತ್ತು ಮೂವತ್ತು ಮಂದಿ ಗೆಳೆಯರು ಕೂಡಿ ಇದನ್ನು ನಡೆಸುವ ಬಗೆ ಯಾವುದು, ಅದರ ಯಶಸ್ಸನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದೇ ಇಲ್ಲಿಯ ವಿಚಾರ.

ಹಿನ್ನೆಲೆ

ಈ ಕ್ರೀಡೆಯು ಶಾಲೆಯ ಅಂಗಳದಲ್ಲಿಯೇ ಬೆಳೆದುದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಸತಿಶಾಲೆಗಳಲ್ಲಿ ಒಬ್ಬಿಬ್ಬರು ಬಾಲಕರು ‘ಮೊಲ’ಗಳಾಗಿ ಕಾಗದದ ಚೂರುಗಳನ್ನು ಚೆಲ್ಲುತ್ತ ಮುಂದೆ ಓಡುತ್ತಿದ್ದರು, ಉಳಿದವರು ‘ಬೇಟೆನಾಯಿ’ಗಳಾಗಿ ಆ ಚೂರುಗಳ ಜಾಡು ಹಿಡಿದು ಹೊಲಗದ್ದೆಗಳನ್ನು ದಾಟಿ ಬೆನ್ನಟ್ಟುತ್ತಿದ್ದರು. ಈ ಆಟವೇ ಮುಂದೆ ನಿಯಮಬದ್ಧವಾದ ಓಟವಾಗಿ 1912, 1920 ಹಾಗೂ 1924ರ ಒಲಿಂಪಿಕ್ ಕೂಟಗಳಲ್ಲಿ ಸ್ಥಾನ ಪಡೆಯಿತು.

ದೂರದ ಓಟದ ಚರಿತ್ರೆಯಲ್ಲಿ ಬೆಳಗಾವಿಗೂ ಒಂದು ಗೌರವದ ಸ್ಥಾನವಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ನಡೆಸಿದ ಕ್ರೀಡಾಕೂಟದಲ್ಲಿ ರೈತಾಪಿ ಯುವಕರು ಬರಿಗಾಲಿನಲ್ಲಿ ಓಡಿದರು. ಆಧುನಿಕ ತರಬೇತಿಯಿಲ್ಲದ ಅವರ ಓಟವನ್ನು ಕಂಡ ದೊರಾಬ್ಜಿ ಟಾಟಾ ಅವರು ಭಾರತದ ತಂಡವೊಂದನ್ನು ಒಲಿಂಪಿಕ್ ಕೂಟಕ್ಕೆ ಕಳುಹಿಸಲು ಮುಂದಾದರು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿಗೆ ಹೋದ ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರಿದ್ದರು. 42.75 ಕಿಲೋಮೀಟರಿನ ಮ್ಯಾರಥಾನ್ ಓಟವನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಪದಕ ದೊರೆಯಲಿಲ್ಲ, ಆದರೂ ಶತಮಾನ ಕಳೆದ ಮೇಲೆಯೂ ಆ ಹೆಸರು ಅಳಿದಿಲ್ಲ. ಗುರಿ ಮುಟ್ಟಿದವನ ಗೌರವವು ಮೊದಲ ಮೂವರಿಗೆ ಮಾತ್ರ ಮೀಸಲಾದುದಲ್ಲ ಎಂಬುದಕ್ಕೆ ಇದು ನಿದರ್ಶನ.

ಎರಡು ಎಚ್ಚರಿಕೆಗಳು

1924ರ ಪ್ಯಾರಿಸ್ ಕೂಟದಲ್ಲಿ ಗುಡ್ಡಗಾಡು ಓಟವು ಕಡುಬಿಸಿಲಿನಲ್ಲಿ ನಡೆಯಿತು. ಹೊರಟವರು 38 ಮಂದಿ. ಗುರಿ ಮುಟ್ಟಿದವರು 15 ಮಂದಿ. ಫಿನ್ಲೆಂಡಿನ ಪಾವೋ ನುರ್ಮಿ ಗೆದ್ದರೂ ದಾರಿಯುದ್ದಕ್ಕೂ ಕುಸಿದ ಓಟಗಾರರ ದೃಶ್ಯವೇ ಜನರ ನೆನಪಿನಲ್ಲಿ ಉಳಿಯಿತು. ಆ ಬಳಿಕ ಈ ಓಟವನ್ನು ಒಲಿಂಪಿಕ್ ಪಟ್ಟಿಯಿಂದಲೇ ಕೈಬಿಡಲಾಯಿತು.

ಎರಡನೆಯದು ಇದಕ್ಕಿಂತ ದಾರುಣವಾದುದು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನೂರು ಕಿಲೋಮೀಟರಿನ ಬೆಟ್ಟದ ಓಟಕ್ಕೆ 172 ಮಂದಿ ಹೊರಟಿದ್ದರು. ನಡುದಾರಿಯಲ್ಲಿ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿಗಳು ಒಮ್ಮೆಲೆ ಎರಗಿ 21 ಓಟಗಾರರು ಪ್ರಾಣ ಬಿಟ್ಟರು. ಸತ್ತವರಲ್ಲಿ ನುರಿತ ಓಟಗಾರರೂ ಇದ್ದರು. ಓಡುವವನ ಸಾಮರ್ಥ್ಯ ಎಷ್ಟೇ ಇರಲಿ, ಓಡಿಸುವವರ ಮುಂಜಾಗ್ರತೆಯು ಅದಕ್ಕಿಂತ ಮಿಗಿಲಾಗಿರಬೇಕೆಂಬುದು ಈ ಎರಡೂ ಪ್ರಸಂಗಗಳ ಪಾಠ.

ಕಾಲ ಮತ್ತು ದಾರಿ

ಐನಾಪುರದ ಸುತ್ತಿನ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿ ಹೆಜ್ಜೆಯನ್ನೇ ಕಟ್ಟಿಹಾಕುತ್ತದೆ. ಬೇಸಿಗೆಯಲ್ಲಿ ಬಿರಿದು ಪಾದವನ್ನು ಹೊರಳಿಸುತ್ತದೆ. ಆದುದರಿಂದ ಡಿಸೆಂಬರ್ ಹಾಗೂ ಜನವರಿಯ ತಂಪು ಮುಂಜಾವೇ ಓಟಕ್ಕೆ ಪ್ರಶಸ್ತವಾದ ಕಾಲ. ಆದರೆ ಇದೇ ಕಬ್ಬು ಕಡಿಯುವ ಕಾಲವೂ ಹೌದು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯ ತುಂಬ ಸಂಚರಿಸುತ್ತಿರುವುದರಿಂದ ಡಾಂಬರು ರಸ್ತೆಯನ್ನು ಬಿಟ್ಟು ಚಕ್ಕಡಿ ದಾರಿ, ಕಾಲುವೆಯ ಏರಿಗಳನ್ನು ಆರಿಸುವುದು ಲೇಸು. ರಸ್ತೆಯನ್ನು ದಾಟಲೇಬೇಕಾದಲ್ಲಿ ಇಬ್ಬರು ಹಿರಿಯರು ಕೆಂಪು ಬಟ್ಟೆ ಹಿಡಿದು ನಿಲ್ಲಬೇಕು. ಪೊಲೀಸ್ ಠಾಣೆಗೂ ಪಟ್ಟಣ ಪಂಚಾಯಿತಿಗೂ ಮುಂಚಿತವಾಗಿ ತಿಳಿಸಬೇಕು. ಯಾರ ಹೊಲದ ಬದುವಿನ ಮೇಲೆ ಓಡುವರೋ ಆ ರೈತನ ಒಪ್ಪಿಗೆ ಪಡೆಯುವುದು ಸೌಜನ್ಯವಷ್ಟೇ ಅಲ್ಲ, ಕರ್ತವ್ಯವೂ ಹೌದು.

ದಾರಿಯನ್ನು ಅಳೆಯಲು ಇಂದು ಮೊಬೈಲ್ ಫೋನ್ ಸಾಕು. ವಿದ್ಯಾರ್ಥಿಗಳಿಗೆ ಗಣಿತದ ಅಭ್ಯಾಸವೂ ಆಗಬೇಕೆಂದರೆ ಸೈಕಲ್ ಚಕ್ರವನ್ನು ಬಳಸಬಹುದು. ಚಕ್ರದ ಒಂದು ಸುತ್ತಿಗೆ 2.2 ಮೀಟರ್ ಆದರೆ ಒಂದು ಕಿಲೋಮೀಟರಿಗೆ ಸುಮಾರು 455 ಸುತ್ತುಗಳಾಗುತ್ತವೆ. ಎಂಟು ಕಿಲೋಮೀಟರಿನ ಒಂದು ಸುತ್ತುದಾರಿ ಗೆಳೆಯರ ಓಟಕ್ಕೆ ಸಾಕು. ತಿರುವುಗಳಲ್ಲಿ ಸುಣ್ಣದ ಗುರುತು, ಗಿಡಗಳಿಗೆ ಬಣ್ಣದ ಬಟ್ಟೆ ಇರಲಿ. ಹಿಂದಿನ ದಿನ ಸಂಜೆ ಒಬ್ಬರು ದಾರಿಯುದ್ದಕ್ಕೂ ನಡೆದು, ಪಂಪ್‌ಸೆಟ್ಟಿನ ತಂತಿಗಳು ಜೋತುಬಿದ್ದಿವೆಯೇ, ತೆರೆದ ಬಾವಿಗಳಿವೆಯೇ ಎಂದು ನೋಡಿ ಬರತಕ್ಕದ್ದು. ಓಟ ಮುಗಿದ ಮೇಲೆ ಬಟ್ಟೆಯ ಚೂರುಗಳನ್ನೆಲ್ಲ ಬಿಚ್ಚಿ ತರುವುದೂ ವ್ಯವಸ್ಥೆಯ ಭಾಗವೇ.

ನಡೆಸುವ ಕ್ರಮ

ಕತ್ತಲೆಯಲ್ಲಿ ಕಬ್ಬಿನ ಗದ್ದೆಗಳ ಬದಿಯಲ್ಲಿ ಹಾವುಗಳ ಭಯವಿರುವುದರಿಂದ ಬೆಳಕು ಹರಿದ ಮೇಲೆ, ಏಳು ಗಂಟೆಯ ಹೊತ್ತಿಗೆ, ಓಟ ಆರಂಭವಾಗಲಿ. ವೇಗದವನು ನಲವತ್ತು ನಿಮಿಷಗಳಲ್ಲಿ ಮರಳಬಹುದು. ಗಂಟೆಗೆ ಆರು ಕಿಲೋಮೀಟರಿನಂತೆ ಬಿರುಸಾಗಿ ನಡೆಯುವವನಿಗೆ ಎಂಬತ್ತು ನಿಮಿಷಗಳು ಬೇಕು. ಎಂಟೂವರೆಯೊಳಗೆ, ಬಿಸಿಲೇರುವ ಮುನ್ನ, ಎಲ್ಲರೂ ಬಂದು ಸೇರುವಂತೆ ಈ ಲೆಕ್ಕ.

ಹೊರಡುವಾಗ ಪ್ರತಿಯೊಬ್ಬರ ಹೆಸರನ್ನೂ ಬರೆದು ಸಂಖ್ಯೆಯ ಚೀಟಿ ಕೊಡಬೇಕು. ನಾಲ್ಕನೆಯ ಕಿಲೋಮೀಟರಿನಲ್ಲಿ ನೀರಿನ ಕೊಡದ ಬಳಿ ನಿಂತವರು ಹಾದುಹೋದವರ ಸಂಖ್ಯೆಯನ್ನು ಗುರುತು ಮಾಡಿಕೊಳ್ಳಬೇಕು. ನಡುವೆ ಓಟ ಬಿಟ್ಟವನು ಅವರಿಗೆ ತಿಳಿಸದೆ ಮನೆಗೆ ಹೋಗಕೂಡದು. ಬಲಿಷ್ಠನಾದ ಒಬ್ಬ ಓಟಗಾರನು ಎಲ್ಲರಿಗಿಂತ ಹಿಂದೆಯೇ ಉಳಿದು, ಕೊನೆಯವನ ಜೊತೆಗೇ ಬರಬೇಕು. ಈ ಹೊಣೆಯನ್ನು ಆ ದಿನ ಗೆಲ್ಲಬಲ್ಲವನೇ ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಗೆಲವು ಬೇರಿಲ್ಲ.

ಓಡುವವನ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ದಿಕ್ಕುಗೆಟ್ಟವನಂತೆ ವರ್ತಿಸಿದರೆ ಉಷ್ಣಾಘಾತವೆಂದು ಶಂಕಿಸಬೇಕು. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿಸಿಕೊಂಡವನನ್ನು ನಡೆಸದೆ, ನೇರವಾಗಿ ಆಸ್ಪತ್ರೆಗೆ ಸಾಗಿಸಬೇಕು.

ಗುರಿಯ ಅರ್ಥ

ನಮ್ಮ ಭಾಗದ ಜಾತ್ರೆಗಳ ಶರ್ಯತ್ತುಗಳಲ್ಲಿ ಗೆದ್ದವನಿಗೆ ಬಹುಮಾನ, ಜಯಕಾರಗಳು ಸಲ್ಲುತ್ತವೆ, ಅದು ಯೋಗ್ಯವೇ. ಗೆಳೆಯರ ಓಟದ ಧರ್ಮ ತುಸು ಬೇರೆ. ಇಲ್ಲಿ ಬಹುಮಾನದ ಹಣವಿಲ್ಲ. ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಕೊನೆಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಪಾಹಾರ ಮಾಡುತ್ತಾರೆ. ವಿದ್ಯಾರ್ಥಿ, ಗುರು, ಹಳೆಯ ವಿದ್ಯಾರ್ಥಿಗಳು ಒಂದೇ ಗೆರೆಯ ಹಿಂದೆ ನಿಲ್ಲುವ ಅವಕಾಶ ಬೇರೆ ಯಾವ ಸಮಾರಂಭದಲ್ಲಿಯೂ ಇಷ್ಟು ಸಹಜವಾಗಿ ಒದಗುವುದಿಲ್ಲ.

ಮೊದಲು ಬಂದವನ ವೇಳೆಯನ್ನು ಗಡಿಯಾರ ಹೇಳುತ್ತದೆ. ಓಟವು ಸರಿಯಾಗಿ ನಡೆಯಿತೇ ಎಂಬುದನ್ನು ಹೆಸರುಗಳ ಪಟ್ಟಿ ಹೇಳುತ್ತದೆ. ಹೊರಟವರು ಮೂವತ್ತು, ಮರಳಿದವರು ಮೂವತ್ತು ಎಂದು ಲೆಕ್ಕ ಕೂಡಿದ ಮೇಲೆಯೇ ಗುರಿಯ ಗೆರೆಯನ್ನು ಅಳಿಸತಕ್ಕದ್ದು. ಅಲ್ಲಿಯವರೆಗೆ ಗೆದ್ದವನೂ ಸೇರಿದಂತೆ ಎಲ್ಲರೂ ಆ ಗೆರೆಯ ಬಳಿಯೇ ನಿಂತು, ಬರುವವರ ದಾರಿಯನ್ನು ಕಾಯಬೇಕು.